ತೊಟ್ಟಿಗೆ ಹೆಪ್ಪು

ಹಬ್ಬ ಕಳೆದು ಕೆಲಸ ಶುರುವಾದ ಎರಡೇ ದಿನಕ್ಕೆ ದುರುಗಣ್ಣನ ತೊಟ್ಟಿ ಹುಳಿ ನಾತ ಹೊಡೆಯತೊಡಗಿತು. ಹೊಸದುರ್ಗದ ಆ ಕೊಬ್ಬರಿ ಪುಡಿ ಕಾರ್ಖಾನೆಯಲ್ಲಿ ಕಾಯಿ ತೊಳೆದ ನೀರೆಲ್ಲ ಅವನ ತೊಟ್ಟಿಗೇ ಬರಬೇಕು. ಹಗಲೂ ರಾತ್ರಿ ಗುಳುಗುಳು ಗಾಳಿ ಕುಡಿದು, ತಿಳಿಯಾಗಿ, ಮತ್ತೆ ಕಾಯಿ ತೊಳೆಯಲು ಹೋಗಬೇಕು. ಈಗ ಗುಳುಗುಳು ಇತ್ತು, ತಿಳಿ ಇರಲಿಲ್ಲ.

ಆಯುಧಪೂಜೆಗೆ ಎಲ್ಲರೂ ತಂತಮ್ಮ ಯಂತ್ರ ತೊಳೆದು ಕುಂಕುಮ ಇಟ್ಟಿದ್ದರು. ದುರುಗಣ್ಣನ ಯಂತ್ರವೆಂದರೆ ತೊಟ್ಟಿ. ತಳದ ಕಪ್ಪು ಕೆಸರನ್ನೆಲ್ಲ ಬಳಿದು ಚೆಲ್ಲಿ, ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ, ನಾಲ್ಕು ಮೂಲೆಗೂ ಬಾಳೆಕಂದು ಕಟ್ಟಿದ್ದ. ಸಾಹುಕಾರರೂ ಭೇಷ್ ಅಂದಿದ್ದರು. ಅದೇ ಸಾಹುಕಾರರು ಈಗ, ಬೋರಿನ ನೀರು ಕುಡಿಯಲಷ್ಟೇ ಸಾಲುತ್ತದೆ, ಸೋಮವಾರದೊಳಗೆ ತೊಟ್ಟಿ ಸರಿಹೋಗದಿದ್ದರೆ ಗೇಟಿಗೆ ಬೀಗ ಎಂದುಬಿಟ್ಟಿದ್ದರು. ಕಾಯಿಯ ಕಂದು ಸಿಪ್ಪೆ ಹೆರೆಯುವ ಹೆಂಗಸರ ಸಾಲಿನಲ್ಲಿ ಅವನ ಹೆಂಡತಿ ಕೆಂಚಕ್ಕನೂ ಇದ್ದಳು.

ಅವಳು ಬಂದು ತೊಟ್ಟಿಗೆ ಇಣುಕಿದಳು.

"ಆ ಕೆಸರಿನಾಗೆ ಏನಿತ್ತು?"

"ಕಣ್ಣಿಗೆ ಕಾಣದ ಹುಳ ಅಂತೆ. ಅವೇ ಕೊಳೆ ತಿಂತಿದ್ವಂತೆ. ಕೈಯಾಗೆ ಹಿಡಿದ್ರೆ ಮೊದಲ ಮಳೆ ಬಿದ್ದ ಹೊಲದ ವಾಸನೆ ಬರ್ತಿತ್ತು ಕಣೇ."

"ಹೆಪ್ಪಿನ ಕುಡಿಕೇನ ಬೂದಿ ಹಾಕಿ ತಿಕ್ಕಿಟ್ಟು, ಹಾಲು ಯಾಕೆ ಮೊಸರಾಗ್ಲಿಲ್ಲ ಅಂತ ಕುಂತಿದೀಯಲ್ಲ ಮಾರಾಯ." ಕೆಂಚಕ್ಕ ಕೈ ಒರೆಸಿಕೊಂಡಳು. "ಹೆಪ್ಪು ತಪ್ಪಿದ್ರೆ ಪಕ್ಕದ ಮನೆಗೆ ಹೋಗ್ತಾರೆ. ಏಳು."

ಪಕ್ಕದ ಮನೆಯೆಂದರೆ ಹೊಳಲ್ಕೆರೆ ಹತ್ತಿರದ ಇನ್ನೊಂದು ಕಾರ್ಖಾನೆ. ಲಗೇಜ್ ಆಟೋದಲ್ಲಿ ಖಾಲಿ ಡ್ರಮ್ಮುಗಳು ಡಮಡಮ ಅನ್ನುತ್ತಿದ್ದವು. ತೆಂಗಿನ ತೋಟಗಳ ಮೇಲೆ ಹೊತ್ತು ಇಳಿಯುತ್ತಿತ್ತು. ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ನಿದ್ದೆಗಣ್ಣಲ್ಲಿ ಕೈ ತಿರುವುತ್ತಿದ್ದವು. ದಾರಿಯುದ್ದಕ್ಕೂ ದುರುಗಣ್ಣನಿಗೆ ತನ್ನ ತೊಟ್ಟಿ ಗಡಿಗೆಯಂತೆ, ಊರಿನ ನೀರೆಲ್ಲ ಅದರಲ್ಲಿ ಮೆಲ್ಲಗೆ ಹೆಪ್ಪುಗಟ್ಟುತ್ತಿರುವಂತೆ ಕಾಣುತ್ತಿತ್ತು.

ಅಲ್ಲಿಯ ತೊಟ್ಟಿ ನೋಡಿಕೊಳ್ಳುವವಳು ತಿಪ್ಪಕ್ಕ, ತಲೆ ನರೆತ ಹೆಂಗಸು. ತೊಟ್ಟಿಯ ಕಟ್ಟೆಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂತಿದ್ದಳು.

"ಅಕ್ಕಾ, ತೊಟ್ಟಿಗೆ ಹೆಪ್ಪು ಹಾಕ್ಬೇಕಿತ್ತು," ಎಂದ ದುರುಗಣ್ಣ. "ಎರಡು ಡ್ರಮ್ಮು ಕೊಟ್ರೆ ಉಳ್ಕಂತೀವಿ."

"ಹಬ್ಬಕ್ಕೆ ತೊಳೆದ್ರಾ?"

ಅವನು ತಲೆ ಕೆರೆದುಕೊಂಡ. ತಿಪ್ಪಕ್ಕ ನಕ್ಕಳು. ಆಮೇಲೆ ಪಡುವಣ ದಿಕ್ಕಿಗೆ ನೋಡಿ ನಗು ನಿಲ್ಲಿಸಿದಳು.

"ಕೆಸರು ಅಂದಿದ್ರೆ ಯಾವ ಹೊತ್ತಿನಾಗಾದ್ರೂ ಕೊಡ್ತಿದ್ದೆ ಕಣಣ್ಣ. ಹೆಪ್ಪು ಅಂದ್ಬಿಟ್ರಿ. ದೀಪ ಹಚ್ಚಿದ ಮೇಲೆ ಹೆಪ್ಪು ಆಚೆ ಕೊಟ್ಟೋಳಲ್ಲ ನಾನು."

"ಬೆಳಗ್ಗೆ ಬರಾಣ ಅಂದ್ರೆ ಸೋಮವಾರ ಹತ್ರ ಬಂತಕ್ಕ."

ಅಷ್ಟರಲ್ಲಿ ಒಳಗಿನಿಂದ ಯಾರೋ ಕೂಗಿದರು: "ತಿಪ್ಪಕ್ಕಾ, ಕತ್ಲಾತು, ಅಂಗಳದ ಲೈಟ್ ಹಾಕು."

ತಿಪ್ಪಕ್ಕ ಎದ್ದು ಗೋಡೆಯ ಬಳಿ ಹೋದಳು. ದುರುಗಣ್ಣ ಖಾಲಿ ಡ್ರಮ್ಮಿನ ಮೇಲೆ ಕೈಯಿಟ್ಟು ನಿಂತ.

"ಇನ್ನೇನು ನೋಡ್ತೀರಿ, ತುಂಬ್ಕಳ್ರಿ," ಎಂದಳು ಅವಳು.

ಬಕೆಟ್ಟು ಇಳಿಯಿತು. ಮಬ್ಬಿನಲ್ಲಿ ಮೊದಲ ಮಳೆಯ ವಾಸನೆ ಎದ್ದಿತು. ಒಳಗಿನವರು ಮತ್ತೆ ಮತ್ತೆ ಕೂಗುತ್ತಿದ್ದರು. ಎರಡನೆಯ ಡ್ರಮ್ಮು ತುಂಬಿ ಮುಚ್ಚಳ ಬೀಳುವವರೆಗೂ ತಿಪ್ಪಕ್ಕ ಸ್ವಿಚ್ಚಿನ ಮೇಲೆ ಬೆರಳಿಟ್ಟು, ಒತ್ತದೆ, ಕತ್ತಲಲ್ಲೇ ನಿಂತಿದ್ದಳು.