ಕಾಕಾ ಹಿಡಿದ ಹಗ್ಗ

ಹುಣಸೆಹಣ್ಣು ಹಚ್ಚಿ ತಾಮ್ರದ ಕೊಡ ತಿಕ್ಕುವ ವಾಸನೆ ಬಂದರೆ ಈಗಲೂ ನನಗೆ ತಿಳವಳ್ಳಿಯ ನಮ್ಮ ಹೊಲದ ಬಾವಿ ನೆನಪಾಗುತ್ತದೆ.

ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಅವ್ವನ ತವರಿನ ಕೊಡ ಕಾಕಾನ ಕೈಜಾರಿ ಬಾವಿಗೆ ಬಿದ್ದಿತ್ತು. ಅಪ್ಪನ ತಮ್ಮನಾದ ಅವನೇ ನನಗೆ ಈಜು ಕಲಿಸಿದ್ದು. ಮುಳುಗಿ ಕೊಡ ತರಲೆಂದು ನನ್ನ ಸೊಂಟಕ್ಕೆ ಹಗ್ಗ ಕಟ್ಟಿ, "ಕೆಳಗ ಹೋದಂಗ ನೀರು ಕಿವಿ ಒತ್ತತೈತಿ, ಅಂಜಬ್ಯಾಡ. ಹಗ್ಗ ಜಗ್ಗು, ಮ್ಯಾಲ ಎಳ್ಕೋತೇನಿ" ಅಂದ.

ಆಳಕ್ಕೆ ಹೋದಷ್ಟೂ ನೀರು ತಣ್ಣಗಾಗಿ ಎದೆಯನ್ನು ಅಮುಕಿತು. ಯಾರೋ ಕಿವಿಯೊಳಗೆ ಹೆಬ್ಬೆರಳು ತುರುಕಿದಂತೆ ನೋವು. ಕೊಡದ ಕಂಠ ಕೈಗೆ ಸಿಕ್ಕಿತು. ಹಗ್ಗ ಜಗ್ಗಿದೆ, ಅದು ಸಡಿಲವಾಗಿ ನನ್ನ ಕಡೆಗೇ ಬಂತು. ಬಲಗಿವಿಯಲ್ಲಿ ಏನೋ ಹರಿದು ತಲೆ ಗಿರ್ರನೆ ತಿರುಗಿತು. ಕೊಡ ಬಿಟ್ಟು ಹೇಗೋ ಮೇಲೆ ಬಂದು ಬಾವಿಯ ಮೆಟ್ಟಿಲು ಹತ್ತಿದೆ. ಕಾಕಾ ದೂರದ ಬದುವಿನ ಮೇಲೆ ಗೆಳೆಯನ ಜೊತೆ ಬೀಡಿ ಸೇದುತ್ತ ನಗುತ್ತಿದ್ದ.

ಮನೆಗೆ ಕರೆತಂದು ಅವ್ವನಿಗೆ ಹೇಳಿದ: "ವೈನೀ, ಕೊಡ ಬೀಳಿಸಿದಾಕಿ ಇಕೀನ. ಬ್ಯಾಡಂದ್ರೂ ಬಾವಿಗೆ ಹಾರಿದ್ಲು ನೋಡ್ರಿ."

ಅವ್ವ ಮೊದಲು ಹೊಡೆದಳು. ಆಮೇಲೆ ಕಿವಿಯ ರಕ್ತ ಕಂಡು ತಬ್ಬಿಕೊಂಡಳು. ಅವಳ ತೋಳಿನ ಸಂದಿಯಿಂದ ನಾನು ಕಾಕಾನನ್ನೇ ನೋಡಿದೆ. ಅವನು ಬಂದು ನನ್ನ ತಲೆ ಸವರಿದ.

"ಅಳಬ್ಯಾಡವಾ, ನಾ ಅದೇನಿ" ಅಂದ.