ನಾಲ್ಕು ಸೆಕೆಂಡಿನ ಮಗ

"ಎರಡೂ ಕೈ ಮೇಲೆತ್ತಮ್ಮ" ಎಂದು ಹೇಳಿ ಬಸ್ ಡಿಪೋದ ಟೈಮ್‌ಕೀಪರ್ ತನ್ನ ಫೋನಿನ ಪರದೆ ನೋಡುತ್ತ ನಿಂತ. ತಿಂಡಿ ತಿನ್ನುತ್ತಿದ್ದ ಅಮ್ಮ ತಟ್ಟೆ ಪಕ್ಕಕ್ಕೆ ಸರಿಸಿ, ಮಗ ಏನೋ ಹೊಸ ಆಟ ಕಲಿತಿದ್ದಾನೆಂದು ನಗುತ್ತ ಎರಡೂ ಕೈ ಎತ್ತಿದಳು. ಕೈಗಳು ಸಮವಾಗಿದ್ದವು. ಬಾಯಿಯೂ ಯಾವ ಕಡೆಗೂ ಸೊಟ್ಟಗಾಗಿರಲಿಲ್ಲ. ಪರದೆಯ ಮೂರನೆಯ ಪ್ರಶ್ನೆ ಮಾತಿನ ಬಗ್ಗೆ: ಇದ್ದಕ್ಕಿದ್ದಂತೆ ಮಾತು ನಿಧಾನವಾಗಿದೆಯೇ? ಅವನು ಹೌದು ಎಂದು ಒತ್ತಿದ.

ಅಕ್ಕನ ಮನೆಯಲ್ಲಿರುವ ಅಮ್ಮ ಎರಡು ವರ್ಷದ ಮೇಲೆ ಇವನ ಮನೆಗೆ ಬಂದಿಳಿದದ್ದು ಹಿಂದಿನ ಸಂಜೆ. ಪ್ರಯಾಣದ ಕಥೆ ಶುರುಮಾಡಿದಾಗಲೇ ಅವನಿಗೆ ಅನುಮಾನ ಬಂದಿತ್ತು. ಪಕ್ಕದ ಸೀಟಿನ ಹೆಂಗಸಿನ ಬ್ಯಾಗಿನಲ್ಲಿ ಬೆಕ್ಕಿನ ಮರಿಯಿತ್ತು ಎಂಬಲ್ಲಿಗೆ ಬರಲು ಅವಳಿಗೆ ಕಾಲು ಗಂಟೆ ಬೇಕಾಯಿತು. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಡಿಪೋದಿಂದ ಒಂದು ಬಸ್ಸು ಹೊರಟುಹೋಗಬಹುದಿತ್ತು. ಅಮ್ಮ ಹೀಗಿರಲಿಲ್ಲ. ಅವಳ ವಾಯ್ಸ್ ಮೆಸೇಜು ಅವನು ದಿನವೂ ಕೇಳುತ್ತಿದ್ದ. ಅರಳು ಹುರಿದಂತೆ ಮಾತಾಡುವ ಹೆಂಗಸು.

"ಅತ್ತೆ ಮೊದಲಿಂದ ಹೀಗೇ ಅಲ್ವಾ?" ಎಂದಳು ಹೆಂಡತಿ. ನಿನಗೇನು ಗೊತ್ತು, ದಿನಾ ಕೇಳೋನು ನಾನು ಎಂದು ಅವಳ ಬಾಯಿ ಮುಚ್ಚಿಸಿದ. ಕೇಳುತ್ತಿದ್ದದ್ದೇನೋ ನಿಜ. ಅಮ್ಮ ಫೋನ್ ಮಾಡಿದಾಗಲೆಲ್ಲ ಡ್ಯೂಟಿಯಲ್ಲಿದ್ದೇನೆ ಎಂದು ಕಟ್ ಮಾಡಿ, ಕೊನೆಗೆ ವಾಯ್ಸ್ ಮೆಸೇಜು ಕಳಿಸುವುದನ್ನು ಅವನೇ ಕಲಿಸಿದ್ದ. ಅಂದಿನಿಂದ ಅವಳು ಬೆಳಿಗ್ಗೆ ಒಂದು, ಸಂಜೆ ಒಂದು ಕಳಿಸುತ್ತಿದ್ದಳು. ಅವನು ಗಡ್ಡ ಕೆರೆಯುತ್ತ, ಡಿಪೋದ ಗೇಟಿನಲ್ಲಿ ಬಸ್ಸು ಹೊರಟ ಸಮಯ ಗುರುತು ಹಾಕುತ್ತ ಕೇಳಿ ಮುಗಿಸಿ, "ಆಯ್ತಮ್ಮ, ಸರಿ, ಹುಷಾರು" ಎಂದು ತಾನೂ ವಾಯ್ಸ್ ಮೆಸೇಜಿನಲ್ಲೇ ಉತ್ತರ ಕಳಿಸುತ್ತಿದ್ದ. ನಿಮಿಷ ಉಳಿಸುವುದೇ ಅವನ ಕಸುಬು. ಎರಡು ನಿಮಿಷ ತಡವಾಗಿ ಹೊರಟ ಡ್ರೈವರನ್ನು ನಿಲ್ಲಿಸಿಕೊಂಡು ನಾಲ್ಕು ನಿಮಿಷ ಬೈಯುವವನು ಎಂದು ಡಿಪೋದಲ್ಲಿ ಅವನಿಗೆ ಹೆಸರಿತ್ತು.

ಆದರೆ ಅಂದು ಅವನಿಗೆ ನಿಜವಾಗಿಯೂ ಭಯವಾಗಿತ್ತು. ಅಪ್ಪ ಹೋದದ್ದೂ ಹೀಗೆಯೇ. ಬೆಳಿಗ್ಗೆ ನಾಲಿಗೆ ತೊದಲಿತು, ಸಂಜೆಯೊಳಗೆ ಎಲ್ಲ ಮುಗಿದಿತ್ತು. ಫೋನು ಹತ್ತು ಕಾಯಿಲೆ ತೋರಿಸಿತು. ಅವನು ಒಂಬತ್ತನ್ನು ಬಿಟ್ಟು ಎಲ್ಲಕ್ಕಿಂತ ಕೆಟ್ಟದ್ದನ್ನು, ಲಕ್ವವನ್ನು, ಆರಿಸಿಕೊಂಡ. ರಜೆ ಹಾಕಿ, ಟ್ಯಾಕ್ಸಿ ಕರೆಸಿ, ಬೇಡ ಬೇಡವೆನ್ನುತ್ತಿದ್ದ ಅಮ್ಮನನ್ನು ಹತ್ತಿಸಿಕೊಂಡ. ದಾರಿಯಲ್ಲಿ ನೆನಪಿನ ಪರೀಕ್ಷೆಗೆಂದು ತಾನು ಹುಟ್ಟಿದ ತಾರೀಖು ಕೇಳಿದ. ಅಮ್ಮ ತಾರೀಖು ಹೇಳಿದ್ದಲ್ಲದೆ, ಆ ದಿನ ಆಸ್ಪತ್ರೆಯ ಫ್ಯಾನು ಕೆಟ್ಟಿದ್ದನ್ನೂ, ಇವನು ಹೊರಗೆ ಬರಲು ಹದಿನಾಲ್ಕು ಗಂಟೆ ಸತಾಯಿಸಿದ್ದನ್ನೂ ನಿಧಾನವಾಗಿ ಬಿಡಿಸಿ ಹೇಳಿದಳು. ಟ್ಯಾಕ್ಸಿಯವನು ಕನ್ನಡಿಯಲ್ಲಿ ನೋಡಿ ನಕ್ಕ.

ಡಾಕ್ಟರು ಕಣ್ಣಿಗೆ ಟಾರ್ಚು ಬಿಟ್ಟರು, ಮಂಡಿಗೆ ತಟ್ಟಿದರು, ರಕ್ತದೊತ್ತಡ ನೋಡಿದರು. ಎಲ್ಲ ಸರಿಯಾಗಿತ್ತು. ಮಾತು ನಿಧಾನವಾಗಿದ್ದು ಯಾವಾಗಿನಿಂದ ಎಂದು ಕೇಳಿದರು.

"ಮೊನ್ನೆವರೆಗೂ ಚೆನ್ನಾಗೇ ಮಾತಾಡ್ತಿದ್ರು ಡಾಕ್ಟ್ರೇ. ಬೇಕಾದ್ರೆ ಕೇಳಿ" ಎಂದು ಅವನು ಮೊನ್ನೆಯ ಮೆಸೇಜು ಒತ್ತಿ ಫೋನನ್ನು ಮೇಜಿನ ಮೇಲಿಟ್ಟ. ಅಮ್ಮನ ಮಾತು ಪಟಪಟನೆ ಹೊರಬಂತು. ನೋಡಿದಿರಾ ಎಂಬಂತೆ ಅವನು ಮುಖ ಮಾಡಿದ. ಡಾಕ್ಟರು ಪರದೆಯತ್ತ ಬಗ್ಗಿ, ಮೂಲೆಯಲ್ಲಿ ಎರಡು ಎಂದು ಬರೆದಿದ್ದ ಪುಟ್ಟ ಗುಂಡಿಯ ಮೇಲೆ ಬೆರಳಿಟ್ಟರು. ಎರಡು ಒಂದಾಯಿತು. ಕೋಣೆಯಲ್ಲಿ ಕೂತಿದ್ದ ಅಮ್ಮನದೇ ದನಿ, ಅದೇ ನಿಧಾನದಲ್ಲಿ ಕೇಳಿಸಿತು: "ನೀನು ಕೆಲಸದಲ್ಲಿರ್ತೀಯಪ್ಪ... ನಿನ್ನ ಹೊತ್ತು ಹಾಳು ಮಾಡಲ್ಲ... ಬೇಗ ಬೇಗ ಹೇಳಿ ಮುಗಿಸ್ಬಿಡ್ತೀನಿ..."

ಅವನ ಮುಖ ಹುಳ್ಳಗಾಯಿತು. ಎರಡು ವರ್ಷದ ಹಿಂದೆ ಡಿಪೋದ ಮೆಕ್ಯಾನಿಕ್ಕು, ಹೀಗೆ ಒತ್ತಿದರೆ ಮಾತು ಎರಡು ಪಟ್ಟು ಬೇಗ ಓಡುತ್ತದೆ, ಅರ್ಧ ಸಮಯ ಉಳಿಯುತ್ತದೆ ಎಂದು ಆ ಗುಂಡಿ ತೋರಿಸಿಕೊಟ್ಟಿದ್ದ. ಒತ್ತಿದ್ದಷ್ಟೇ, ಆಮೇಲೆ ಅದನ್ನು ಮರೆತು, ಅಮ್ಮನೇ ಹಾಗೆ ಎಂದುಕೊಂಡಿದ್ದ.

"ನಿಮ್ಮ ತಾಯಿಗೆ ಏನೂ ಆಗಿಲ್ಲ. ನಿಮಗೆ ಎಷ್ಟು ದಿನದಿಂದ ಹೀಗೆ?" ಎಂದರು ಡಾಕ್ಟರು.

"ಎರಡು ವರ್ಷ ಆಯ್ತು ಡಾಕ್ಟ್ರೇ" ಎಂದು ರೋಗಿಯ ಹಾಗೆಯೇ ಒಪ್ಪಿಸಿದ ಮೇಲೆ, ತಾನು ಹೇಳಿದ್ದೇನೆಂದು ಅವನಿಗೆ ಹೊಳೆಯಿತು.

ವಾಪಸಾಗಲು ಬಸ್ಸಿಗೆ ಕಾದರು. ಬಸ್ಸು ಆರು ನಿಮಿಷ ತಡ; ಟೈಮ್‌ಕೀಪರ್ ಗಡಿಯಾರ ನೋಡಿದನೇ ಹೊರತು ಯಾರನ್ನೂ ಬೈಯಲಿಲ್ಲ. ಅಮ್ಮನಿಗೆ ಏನೂ ಆಗಿಲ್ಲವೆಂಬ ಸಂತೋಷಕ್ಕೆ ಕಣ್ಣು ತುಂಬಿಬರುತ್ತಿತ್ತು, ತನ್ನ ಪೆದ್ದುತನಕ್ಕೆ ನಗುವೂ ಬರುತ್ತಿತ್ತು. ತಪ್ಪಾಯಿತು ಎನ್ನಲು ಬಾಯಿ ಬಾರದೆ, ಆ ಗುಂಡಿ ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸತೊಡಗಿದ. ಅಮ್ಮ ಗಮನವಿಟ್ಟು ಕೇಳಿದಳು. ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ಚೀಲದಿಂದ ತನ್ನ ಫೋನು ತೆಗೆದು ಸೆರಗಿನಲ್ಲಿ ಒರೆಸಿದಳು.

"ಇದ್ರಲ್ಲಿ ನಿಧಾನ ಮಾಡೋ ಗುಂಡಿನೂ ಇದ್ಯಾ?" ಎಂದು ಕೇಳಿದಳು.

ಯಾಕೆ ಎಂದ.

"ನಿಂದು ಯಾವಾಗ್ಲೂ ನಾಲ್ಕೇ ಸೆಕೆಂಡು ಬರುತ್ತೆ" ಎಂದು ಅಮ್ಮ ಫೋನನ್ನು ಅವನ ಕೈಗಿಟ್ಟಳು. "ಎಂಟಾದ್ರೂ ಆಗ್ಲಿ."