ಮುಂದಿನವನ ಕೂಗು

“ಗುಂಡಿ!” ಎಂದು ಚಿಕ್ಕವನು ಕೂಗಿದ್ದೇ ತಡ, ಹಿಂದೆ ಬರುತ್ತಿದ್ದ ಮೂವರೂ ಪೆಡಲ್ ತುಳಿಯುವುದನ್ನೇ ಬಿಟ್ಟರು.

ಗುಂಡಿ ಅಂಥ ದೊಡ್ಡದೇನಲ್ಲ, ಬೋಗುಣಿಯಷ್ಟು. ಎಲ್ಲರೂ ಸಲೀಸಾಗಿ ದಾಟಿದರು. ಆದರೂ ಮೇಷ್ಟ್ರ ಮುಖ ಕಪ್ಪಿಟ್ಟಿತು. ಶಾಲೆಯಲ್ಲಿ ಡ್ರಿಲ್ ಮಾಡಿಸಿ ನಿವೃತ್ತರಾಗಿದ್ದ ಅವರೇ ಈ ಸೈಕಲ್ ತಂಡಕ್ಕೆ ಹಿರಿಯರು.

“ಆ ಮಾತು ಇಲ್ಲಿ ಬೇಡಪ್ಪ,” ಎಂದರು. “ನಮ್ಮಲ್ಲಿ ಹೊಂಡ ಅಂತೀವಿ. ನೀನೂ ಹಾಗೇ ಕೂಗು.”

ಔಷಧದ ಅಂಗಡಿಯವನು ಬೇರೆ ಕಡೆ ನೋಡಿದ. ಬೇಕರಿಯವನು ತಲೆ ತಗ್ಗಿಸಿದ. ಚಿಕ್ಕವನು ಹಿಂತಿರುಗಿ ಆ ಬಗ್ಗಿದ ಕತ್ತನ್ನೇ ನೋಡಿದ. ತಪ್ಪು ಮಾಡಿದವರ ಕತ್ತು ಹೀಗೇ ಬಗ್ಗುತ್ತದೆ ಎಂದುಕೊಂಡ.

ಹೋದ ವರ್ಷ ಈ ಗುಡ್ಡಗಳ ಇಳಿಜಾರಿನಲ್ಲಿಯೇ ಅವನ ಅಣ್ಣ ಗುಂಡಿಗೆ ಬಿದ್ದು ಸತ್ತಿದ್ದ. ಅಣ್ಣನ ಮುಂದೆ ಇದ್ದವನು ಬೇಕರಿಯವನು. ಸೈಕಲ್ಲುಗಳು ಒಂದಕ್ಕೊಂದು ಅಂಟಿಕೊಂಡಂತೆ ಓಡುವಾಗ ಹಿಂದಿನವನಿಗೆ ರಸ್ತೆ ಕಾಣುವುದಿಲ್ಲ, ಮುಂದಿನವನ ಬೆನ್ನು ಕಾಣುತ್ತದೆ. ಮುಂದಿನವನು ಕೈ ತೋರಿಸಬೇಕು, ಬಾಯಿ ಬಿಟ್ಟು ಕೂಗಬೇಕು. ತಾನು ಕೂಗಿದೆ ಎಂದು ಬೇಕರಿಯವನು ಪೊಲೀಸರಿಗೂ ಹೇಳಿದ, ಮನೆಗೆ ಬಂದು ಅಮ್ಮನಿಗೂ ಹೇಳಿದ. ಹಾಗಾದರೆ ನನ್ನ ಮಗ ಏನಂದ ಎಂದು ಅಮ್ಮ ಕೇಳಿದರು.

“‘ಏನೋ?’ ಅಂದ, ಅಮ್ಮ. ಅಷ್ಟೇ.”

ಹಾಗೆಂದು ಎದ್ದುಹೋದವನು ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ. ಅಮ್ಮ ಊಟಕ್ಕೆ ಕೂತಾಗಲೆಲ್ಲ ಅದೊಂದನ್ನೇ ಕೇಳುತ್ತಾರೆ: ಕೂಗಿದ್ದರೆ ಅವನು ಯಾಕೆ ಏನು ಅಂತಿದ್ದ? ಅತ್ತಿಗೆಯಂತೂ ಮಾತೇ ಬಿಟ್ಟಿದ್ದಾರೆ.

ಚಿಕ್ಕವನ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಆ ಒಂದು ‘ಏನೋ’ಗೆ. ನೆಟ್ಟಗೆ ಕೂಗಿದ್ದರೆ ಅಣ್ಣ ಹ್ಯಾಂಡಲ್ ತಿರುಗಿಸುತ್ತಿದ್ದ. ಈ ಮಹಾರಾಯ ಬಾಯೊಳಗೇ ಗೊಣಗಿರಬೇಕು, ಇಲ್ಲವೇ ತುಟಿಪಿಟಕ್ಕೆನ್ನದೆ ಇದ್ದು ಆಮೇಲೆ ಸುಳ್ಳು ಕಟ್ಟಿರಬೇಕು. ಉಳಿದಿಬ್ಬರು ಅವನ ಬೆನ್ನಿಗೆ ನಿಂತಿದ್ದಾರೆ. ಇಲ್ಲದಿದ್ದರೆ ಊರೆಲ್ಲ ಆಡುವ ಒಂದು ಮಾತಿಗೆ ಮೂರು ಜನ ಗಂಡಸರು ಹೀಗೆ ಯಾಕೆ ಬೆಚ್ಚಬೇಕು?

ದಿಬ್ಬದ ಮೇಲೆ ದಿಬ್ಬ. ಒಂದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಎದುರಿಗೆ ನಿಂತಿರುತ್ತಿತ್ತು. ಮೂರನೆಯದರಲ್ಲಿ ಚಿಕ್ಕವನ ತೊಡೆ ಹಿಡಿದುಕೊಂಡಿತು. ಒಂದು ಕೈಯಿಂದ ಅಂಗಿಯ ಮೇಲಿನೆರಡು ಗುಂಡಿ ಬಿಚ್ಚಿ ಗಾಳಿ ಬಿಟ್ಟುಕೊಂಡ. ದರ್ಜಿಯಾಗಿದ್ದ ಅಣ್ಣ ತಂಡಕ್ಕೆಲ್ಲ ಹೊಲಿದಿದ್ದ ಅಂಗಿ ಅದು. ಜಿಪ್ ಎಂದರೆ ಅಣ್ಣನಿಗೆ ಮೈ ಉರಿಯುತ್ತಿತ್ತು.

ಬೇಕರಿಯವನು ಪಕ್ಕಕ್ಕೆ ಬಂದ. ಚಿಕ್ಕವನ ಬೆನ್ನಿಗೆ ಅಂಗೈ ಕೊಟ್ಟು ತುದಿಯವರೆಗೂ ತಳ್ಳಿದ. ಒಲೆಯ ತಗಡು ತಾಗಿ ತಾಗಿ ಕಲೆಗಟ್ಟಿದ ಕೈ. ಋಣ ತೀರಿಸುತ್ತಿದ್ದಾನೆ, ಇಷ್ಟು ಸುಲಭಕ್ಕೆ ತೀರುವುದಿಲ್ಲ ಎಂದು ಚಿಕ್ಕವನು ಹಲ್ಲು ಕಚ್ಚಿದ.

ತುದಿಯಲ್ಲಿ ನೀರು ಕುಡಿದರು. ಇಳಿಯುವಾಗ ತಾನೇ ಮುಂದೆ ಇರುತ್ತೇನೆ ಎಂದು ಚಿಕ್ಕವನು ಹೇಳಿದ. ಮೇಷ್ಟ್ರು ಅನುಮಾನಿಸಿದರು. ಬೇಕರಿಯವನು ಅನುಮಾನಿಸಲಿಲ್ಲ.

“ಅವನೇ ಹೋಗಲಿ ಮೇಷ್ಟ್ರೇ. ಹಿಂದೆ ನಾನಿರ್ತೀನಿ.” ಚಿಕ್ಕವನ ಕಡೆ ತಿರುಗಿದ. “ಇನ್ನು ನಿನ್ನ ಬಾಯೇ ನನ್ನ ಕಣ್ಣು.”

“ಗೊತ್ತು,” ಎಂದ ಚಿಕ್ಕವನು. “ಮರೆಯಲ್ಲ.”

ಅವನು ಹಿಂದಿನ ಭಾನುವಾರ ಒಬ್ಬನೇ ಬಂದು ರಸ್ತೆ ನೋಡಿಕೊಂಡು ಹೋಗಿದ್ದ. ಅಣ್ಣ ಬಿದ್ದ ಗುಂಡಿಯನ್ನು ಯಾರೋ ಮುಚ್ಚಿಸಿದ್ದರು. ಅದರ ಕೆಳಗಿನ ತಿರುವಿನಲ್ಲಿ ಮಳೆ ಇನ್ನೊಂದನ್ನು ತೋಡಿಟ್ಟಿತ್ತು. ಬೇಕರಿಯವನು ಸಾಯಲಿ ಎಂದು ಅವನು ಬಯಸಿರಲಿಲ್ಲ, ಬೀಳಲಿ ಎಂದಷ್ಟೇ ಬಯಸಿದ್ದ. ಎರಡರ ನಡುವೆ ಎಷ್ಟು ಅಂತರ ಎಂದು ಹೆಚ್ಚು ಯೋಚಿಸಿರಲಿಲ್ಲ.

ಇಳಿಜಾರು ಸೈಕಲ್ಲುಗಳನ್ನು ಎಳೆದುಕೊಂಡಿತು. ಕಿವಿಯಲ್ಲಿ ಗಾಳಿ ಭೋರಿಟ್ಟಿತು. ಬೆನ್ನ ಹಿಂದೆ ಬೇಕರಿಯವನ ಚಕ್ರದ ಸದ್ದು ಕೈಯಳತೆಯಲ್ಲೇ ಇತ್ತು, ಒಂದಿಷ್ಟೂ ಹಿಂಜರಿಯದೆ. ಮೇಷ್ಟ್ರು, ಔಷಧದ ಅಂಗಡಿಯವನು ಬಹಳ ಹಿಂದೆ ಉಳಿದಿದ್ದರು.

ತಿರುವು ಬಂತು. ಗುಂಡಿ ಕಂಡಿತು. ಕೂಗಿಬಿಡಲೇ ಎಂದು ಒಂದು ಸಲ ಗಂಟಲವರೆಗೂ ಬಂತು. ಅಮ್ಮನ ಮುಖ ನೆನಪಾಗಿ ನುಂಗಿಕೊಂಡ. ಕೈ ಎತ್ತಲಿಲ್ಲ. ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ವಾಲಿ ತಾನು ದಾಟಿದ.

ಹಿಂದೆ ತಗಡು ಮುರಿದಂಥ ಸದ್ದಾಯಿತು. ಆಮೇಲೆ ಏನೂ ಕೇಳಿಸಲಿಲ್ಲ.

ಅವನು ಸೈಕಲ್ ಬಿಸಾಡಿ ಮೇಲಕ್ಕೆ ಓಡಿದ. ಬೇಕರಿಯವನು ರಸ್ತೆಯಂಚಿನ ಕಲ್ಲಿನ ಪಕ್ಕ ಅಂಗಾತ ಬಿದ್ದಿದ್ದ. ಹೆಲ್ಮೆಟ್ ಎರಡು ಹೋಳಾಗಿತ್ತು. ಅಷ್ಟರಲ್ಲಿ ಉಳಿದವರೂ ಬಂದರು. ಅಲುಗಿಸಬೇಡಿ ಎಂದು ಔಷಧದ ಅಂಗಡಿಯವನು ಕತ್ತನ್ನು ಎರಡೂ ಕೈಯಲ್ಲಿ ಹಿಡಿದು ಕೂತ. ಮೇಷ್ಟ್ರು ಆಂಬುಲೆನ್ಸಿಗೆ ಫೋನ್ ಮಾಡುತ್ತ ಆಚೆ ಹೋದರು.

“ಕಾಲು ಇದ್ಯೋ ಇಲ್ವೋ ಗೊತ್ತಾಗ್ತಿಲ್ಲ,” ಎಂದ ಬೇಕರಿಯವನು. ಚಿಕ್ಕವನನ್ನು ಕಂಡು ದನಿ ಮೆತ್ತಗಾಯಿತು. “ನೀನು ಕೂಗಿರ್ತೀಯ ಕಣೋ. ನನಗೇ ಕೇಳಿಸಲಿಲ್ಲ. ಮನಸ್ಸಿಗೆ ಹಚ್ಕೋಬೇಡ.”

ಚಿಕ್ಕವನು ಅವನ ಪಕ್ಕ ಮಂಡಿಯೂರಿದ. ವರ್ಷವಿಡೀ ಕೇಳಬೇಕೆಂದಿದ್ದನ್ನು ಈಗ ಕೇಳಿದ.

“ಅವತ್ತು ನೀವು ನಿಜವಾಗಿ ಕೂಗಿದ್ರಾ?”

“ಗಂಟಲು ಹರಿಯೋ ಹಾಗೆ ಕೂಗಿದೆ. ಹೊಂಡ ಅನ್ನಬೇಕಿತ್ತು. ಗಾಬರೀಲಿ ನಾಲಿಗೆ ತಪ್ಪಿ ಗುಂಡಿ ಅಂದ್ಬಿಟ್ಟೆ. ನಿಮ್ಮಮ್ಮನ ಮುಂದೆ ಅದನ್ನ ಹೇಗೆ ಹೇಳಲಿ?”

“ಏನಂದ್ರೇನು? ಎರಡೂ ಒಂದೇ ಅಲ್ವಾ?”

ಬೇಕರಿಯವನ ಕಣ್ಣು ಚಿಕ್ಕವನ ಅಂಗಿಯ ಮೇಲೆ, ಅಣ್ಣ ಸಾಲಾಗಿ ಹೊಲಿದಿದ್ದ ಗುಂಡಿಗಳ ಮೇಲೆ ನಿಂತಿತು.

“ಇಷ್ಟು ವರ್ಷ ತಂಡದಲ್ಲಿ ನಾವು ಅವನನ್ನ ಕರೀತಿದ್ದದ್ದೇ ಗುಂಡಿ ಅಂತ, ಕರೆದೆ ಅಂದ್ಕೊಂಡು ತಲೆ ಎತ್ತಿ ‘ಏನೋ?’ ಅಂದ.”